ಮೈಲಮ್ಮ ಬಿಚ್ಚಿದ ಲೋಡು

ನನ್ನ ಹೆಂಡತಿ ಮೈಲಮ್ಮ ವಿಮಾನದ ಕೆಲಸಕ್ಕೆ ಹೋಗುತ್ತಾಳೆ ಎಂದರೆ ಜನ ಮೊದಲು ಅವಳನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ, ಕೊನೆಗೆ ಇವನು ಬುರುಡೆ ಬಿಡುತ್ತಿದ್ದಾನೆ ಎಂದು ತೀರ್ಮಾನ ಮಾಡುತ್ತಾರೆ. ಹೋದ ವರ್ಷ ಆನಗೋಡಿನಲ್ಲಿ ನೆಂಟರ ಮದುವೆ ಇತ್ತು. ಊಟದ ಪಂಕ್ತಿಯಲ್ಲಿ ಮೈಲಮ್ಮನ ಪಕ್ಕ ಕುಳಿತಿದ್ದ ಕೊಟ್ರವ್ವ ಎಂಬ ಅಜ್ಜಿ ಕೇಳಿಯೇಬಿಟ್ಟಳು.

“ಏನವ್ವಾ, ಇಮಾನದಾಗೆ ಚಾ ಕೊಡ್ತೀಯಂತಲ್ಲ?”

“ಚಾ ಕೊಡೋರು ಬ್ಯಾರೆ ಇರ್ತಾರಜ್ಜಿ. ನಾನು ಸಾಮಾನು ಕಟ್ಟೋಳು.”

“ಅಂದ್ರೆ ಹಮಾಲಿ ಅನ್ನು.”

“ಹೂಂ, ಹಮಾಲಿ,” ಎಂದು ಮೈಲಮ್ಮ ಹೋಳಿಗೆಗೆ ಇನ್ನೊಂದಿಷ್ಟು ತುಪ್ಪ ಹಾಕಿಸಿಕೊಂಡಳು.

ಎದುರು ಸಾಲಿನಲ್ಲಿದ್ದ ನನಗೆ ಮೈ ಉರಿಯಿತು. ಹಮಾಲಿ ಎಂಬ ಮಾತಿಗಲ್ಲ. ನನ್ನ ಮಾವ ತಿಪ್ಪೇರುದ್ರಪ್ಪನವರು ಜೀವಮಾನವೆಲ್ಲ ದಾವಣಗೆರೆಯಲ್ಲಿ ಲಾರಿಗಳಿಗೆ ಲೋಡು ಕಟ್ಟಿದವರು. ಅವರು ತೀರಿಕೊಂಡು ಕೆಲವು ವರ್ಷಗಳಾದರೂ ಹೆಸರು ಹೇಳಿದರೆ ಹಳೇ ಡ್ರೈವರುಗಳು ಸೇದುತ್ತಿದ್ದ ಬೀಡಿ ಆರಿಸುತ್ತಾರೆ. ನನಗೆ ಸಿಟ್ಟು ಬಂದದ್ದು ಹೆಂಡತಿಯ ಮೇಲೆ. ಅಂಥ ಕೆಲಸವನ್ನು ಒಂದು ‘ಹೂಂ’ನಲ್ಲಿ ಮುಗಿಸಿಬಿಟ್ಟಳಲ್ಲ! ಮನೆಗೆ ಬಂದ ಮೇಲೆ ಕೇಳಿದೆ. “ಆ ಯಜ್ಜಿಗೆ ತಿಳಿಸಿ ಹೇಳೋದ್ರಾಗೆ ಹೋಳಿಗೆ ಆರಿ ಹೋಗ್ತಿತ್ತು ಕಣ್ರೀ,” ಎಂದಳು. ಅದು ವಿನಯ ಎಂದು ಯಾರೂ ತಿಳಿಯಬೇಡಿ. ಕೆಲಸದ ವಿಷಯದಲ್ಲಿ ಮೈಲಮ್ಮನಷ್ಟು ಸೊಕ್ಕಿನ ಹೆಂಗಸನ್ನು ನಾನು ಕಂಡಿಲ್ಲ.

ನನ್ನದು ದಾವಣಗೆರೆಯಲ್ಲಿ ಒಂದು ಸಣ್ಣ ಮುದ್ರಣಾಲಯ. ಮದುವೆ ಪತ್ರಿಕೆ, ಬಿಲ್ ಪುಸ್ತಕ, ಶಿವಗಣಾರಾಧನೆಯ ಕಾರ್ಡು ಇವೇ ನನ್ನ ಸಾಹಿತ್ಯ. ಊರವರ ಹೆಸರಿನ ಹಿಂದೆ ಮುಂದೆಲ್ಲ ‘ಶ್ರೀಮತಿ’, ‘ಶ್ರೀ’, ‘ಮಹಾಪೋಷಕರು’ ಎಂದು ಅಚ್ಚು ಹಾಕಿದ ನಾನು ಸ್ವಂತ ಹೆಂಡತಿಯ ಬಗ್ಗೆ ನಾಲ್ಕು ಮಾತು ಬರೆಯದಿದ್ದರೆ ಹೇಗೆ? ಅವಳು ಬರೆಯುವವಳಲ್ಲ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಮೈಲಮ್ಮನಿಗೆ ಸಡಿಲವಾದದ್ದು ಯಾವುದನ್ನೂ ನೋಡಲಾಗದು. ನನ್ನ ಪ್ಯಾಂಟಿನ ಬೆಲ್ಟು, ತರಕಾರಿಯವಳ ಸೊಪ್ಪಿನ ಕಟ್ಟು, ಪಕ್ಕದ ಮನೆಯವರ ಬಟ್ಟೆ ಒಣಗಿಸುವ ಹಗ್ಗ, ಎಲ್ಲಕ್ಕೂ ಅವಳ ಕೈ ಹೋಗುತ್ತದೆ. ಒಂದು ಸಲ ಇಬ್ಬರೂ ಸ್ಕೂಟರಿನಲ್ಲಿ ಪಿ.ಬಿ. ರಸ್ತೆಯಲ್ಲಿ ಹೋಗುತ್ತಿದ್ದೆವು. ಮುಂದೆ ಮೆಕ್ಕೆಜೋಳದ ಲಾರಿ. ಅವಳು ನನ್ನ ಭುಜ ಗುದ್ದಿ ಗುದ್ದಿ ಸ್ಕೂಟರನ್ನು ಲಾರಿಯ ಮುಂದಕ್ಕೆ ಹಾಕಿಸಿದಳು. ಕೈ ಅಡ್ಡ ಮಾಡಿ ನಿಲ್ಲಿಸಿ, ಡ್ರೈವರಿಗೆ ಹೇಳಿದಳು: “ಎಡಗಡೆ ಹಗ್ಗ ಸತ್ತೋಗೈತೆ. ಇಳಿದು ನೋಡ್ರಿ.” ಅವನು ಇಳಿದು ನೋಡಿದ. ಹಗ್ಗ ಬಿಗಿ ಕಳೆದುಕೊಂಡು ಸತ್ತೇ ಹೋಗಿತ್ತು. ಅಂದು ನಾವು ಹೋಗಬೇಕಿದ್ದ ಗೃಹಪ್ರವೇಶಕ್ಕೆ ತಲುಪುವ ಹೊತ್ತಿಗೆ ಊಟ ಮುಗಿದು ಎಲೆ ಎತ್ತುತ್ತಿದ್ದರು.

ಈ ಗುಣ ಅವಳಿಗೆ ಅಪ್ಪನಿಂದ ಬಂದದ್ದು. ಇಬ್ಬರು ಗಂಡುಮಕ್ಕಳಿದ್ದರೂ ಅವರಿಗೆ ಅಪ್ಪನ ಕೆಲಸ ಬೇಡವಾಗಿತ್ತು. ಬುತ್ತಿ ಒಯ್ಯುತ್ತಿದ್ದ ಮೈಲಮ್ಮ ಮಾತ್ರ ಬುತ್ತಿ ಕೊಟ್ಟು ಮನೆಗೆ ಬರದೆ ಲಾರಿ ಅಡ್ಡೆಯಲ್ಲೇ ನಿಲ್ಲುತ್ತಿದ್ದಳು. ಹತ್ತಿ ಅಂಡಿಗೆಗೆ ಹಗ್ಗ ಹೇಗೆ, ಕಬ್ಬಿಣಕ್ಕೆ ಹೇಗೆ, ಗಾಜಿಗೆ ಹೇಗೆ, ಎಲ್ಲವನ್ನೂ ಅಲ್ಲೇ ಕಲಿತಳು. ಮಂಡಕ್ಕಿ ಊರು ನಮ್ಮದು. ಲಾರಿಯಲ್ಲಿ ಭಾರದ ಸಾಮಾನುಗಳ ನಡುವೆ ಸಂದು ಉಳಿದರೆ ಹಮಾಲರು ಅಲ್ಲಿಗೊಂದು ಮಂಡಕ್ಕಿ ಚೀಲ ತುರುಕುತ್ತಿದ್ದರು. ಸಾಮಾನು ಒಂದಕ್ಕೊಂದು ಬಡಿಯುವುದಿಲ್ಲ, ಮಂಡಕ್ಕಿಯೂ ಊರು ಸೇರುತ್ತದೆ. ಒಂದು ಬಾಡಿಗೆಯಲ್ಲಿ ಎರಡು ಕೆಲಸ.

ಅಡ್ಡೆಯಲ್ಲಿ ಒಂದು ರೂಢಿ ಇತ್ತು. ಕಡೆಯ ಗಂಟು ಬಿಗಿಯುವುದು ಎಲ್ಲರ ಪಾಲಿಗೂ ಬರುವ ಕೆಲಸವಲ್ಲ. ಅದನ್ನು ಬಿಗಿದವನು ಲೋಡಿನ ಮೇಲೆ ಅಂಗೈಯಿಂದ ಎರಡು ಸಲ ಬಡಿದು “ನಡೀಲಿ” ಎನ್ನಬೇಕು. ಅಲ್ಲಿಂದ ಮುಂದೆ ಆ ಲೋಡು ಅವನ ಹೆಸರಿನದು. ದಾರಿಯಲ್ಲಿ ಹಗ್ಗ ಸಡಿಲವಾದರೆ ಡ್ರೈವರು ಎಳೆದು ಬಿಗಿ ಮಾಡಬಹುದು, ಬಿಚ್ಚುವಂತಿಲ್ಲ. ತಾನೇ ಬಡಿದ ಲೋಡನ್ನು ಹೊರಡುವ ಮುಂಚೆ ತಾನೇ ಬಿಚ್ಚಿದವನಿಗೆ ಅಡ್ಡೆಯಲ್ಲಿ ಮತ್ತೆ ಕಡೆಯ ಗಂಟು ಕೊಡುತ್ತಿರಲಿಲ್ಲ. ಅವನನ್ನು ಚೀಲ ಹೊರುವುದಕ್ಕೆ ಹಾಕುತ್ತಿದ್ದರು. ನನ್ನ ಮಾವ ಒಂದು ದಿನವೂ ಬಿಚ್ಚಿದವರಲ್ಲ.

ಮದುವೆಯಾದ ಮೇಲೆ ಮೈಲಮ್ಮ ಹರಿಹರದ ಆಚೆ ಇರುವ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗಕ್ಕೆ ಸೇರಿದಳು. ಯಂತ್ರದ ಭಾಗಗಳನ್ನು ಮರದ ಪೆಟ್ಟಿಗೆಗೆ ಹಾಕಿ ಕಟ್ಟುವ ಕೆಲಸ. ಕೆಲವು ವರ್ಷಗಳ ಹಿಂದೆ ಕಾರ್ಖಾನೆಯ ಸಾಹುಕಾರರು ಒಂದು ಸಣ್ಣ ವಿಮಾನ ಕೊಂಡರು. ಒಂದೇ ಇಂಜಿನ್ನು, ಒಳಗೆ ನಮ್ಮ ಕಡೆಯ ಮಾರುತಿ ವ್ಯಾನಿನಷ್ಟು ಜಾಗ. ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ರನ್‌ವೇ ಮಾಡಿಸಿದರು. ಹಿಂದಿನ ಎರಡು ಸೀಟು ತೆಗೆಸಿ ಸಾಮಾನಿಗೆ ಜಾಗ ಬಿಡಿಸಿದರು. ಮೊದಮೊದಲು ಸಾಹುಕಾರರ ಕಾರಿನ ಡ್ರೈವರನೇ ಬ್ಯಾಗುಗಳನ್ನು ಡಿಕ್ಕಿಗೆ ತುಂಬಿದ ಹಾಗೆ ತುಂಬುತ್ತಿದ್ದ. ಒಂದು ದಿನ ಮೈಲಮ್ಮ ಅದನ್ನು ನೋಡಿದಳು. ಅಲ್ಲೇ ಇದ್ದ ಸಾಹುಕಾರರಿಗೆ ನೇರವಾಗಿ, “ಎಮ್ಮಿ ಮ್ಯಾಲೆ ಮೇವು ಹೇರಿದಂಗೆ ಹೇರ್ಯಾರಲ್ಲ ಸಾವ್ಕಾರ್ರ, ನೀವು ಇದ್ರಾಗೆ ಹೆಂಗೆ ಕೂಡ್ತೀರಿ?” ಎಂದು ಕೇಳಿಬಿಟ್ಟಳು. ಬೈದು ಕಳಿಸುತ್ತಾರೆ ಎಂದುಕೊಂಡಿದ್ದಳಂತೆ. ಅವರು ಆ ಕೆಲಸವನ್ನೇ ಇವಳಿಗೆ ಹಚ್ಚಿದರು.

ಕಲಿಸಲು ಬೆಂಗಳೂರಿನಿಂದ ಒಬ್ಬ ಇಂಜಿನಿಯರು ಬಂದಿದ್ದರು. ಅವರು ಒಳ್ಳೆಯ ಮೇಷ್ಟ್ರು, ಇವಳು ಜಗಳಗಂಟಿ ವಿದ್ಯಾರ್ಥಿನಿ. ಯಾಕೆ, ಏನು, ಹೆಂಗೆ ಎಂದು ಪ್ರಾಣ ತಿಂದಳು. ಅವರೂ ಬೇಸರಪಡದೆ ಹೇಳಿಕೊಟ್ಟರು. ಪ್ರತಿಯೊಂದನ್ನೂ ತೂಗಬೇಕು. ಭಾರದ್ದು ಮುಂದೆ, ಸೀಟಿನ ಬೆನ್ನಿಗೆ ಹತ್ತಿರ. ಹಿಂದೆ ಹೋದಷ್ಟೂ ಬಾಲ ಭಾರವಾಗಿ ಮೂತಿ ಮೇಲೇಳುತ್ತದೆ. ಬಾಗಿಲಿಗೆ ಯಾವುದೂ ಅಡ್ಡ ಇರಕೂಡದು. ನೆಲದಲ್ಲಿ ಕೂರಿಸಿದ ಕಬ್ಬಿಣದ ಬಳೆಗಳಿಗೇ ಬೆಲ್ಟು ಸಿಕ್ಕಿಸಬೇಕು, ಸೀಟಿನ ಕಾಲಿಗಲ್ಲ. ಎಲ್ಲದರ ಮೇಲೆ ಬಲೆ ಬಿಗಿಯಬೇಕು. ಸಂದು ಉಳಿದರೆ ಮರದ ತುಂಡು ಕೊಡಬೇಕು. ಆ ಸಂಜೆಗಳಲ್ಲಿ ಮನೆಗೆ ಬಂದವಳು ರೊಟ್ಟಿ ತಟ್ಟುತ್ತಾ ನನಗೆ ಪಾಠ ಒಪ್ಪಿಸುತ್ತಿದ್ದಳು.

“ಲಾರ್ಯಾಗೆ ಸಾಮಾನು ಕೆಳಕ್ಕೆ ಬೀಳ್ತೈತೆ ಕಣ್ರೀ. ವಿಮಾನದಾಗೆ ಮ್ಯಾಲಕ್ಕೂ ಬೀಳ್ತೈತೆ.”

“ಮ್ಯಾಲಕ್ಕೆ ಹೆಂಗೆ ಬೀಳ್ತೈತೆ?”

“ಗಾಳಿ ವಿಮಾನನ ಕೆಳಗೆ ಎಳೀತು ಅಂದ್ರೆ ಒಳಗಿಂದು ಮ್ಯಾಲೇ ಉಳೀತೈತೆ. ಕೂಡ್ರಿ, ತೋರಿಸ್ತೀನಿ,” ಎಂದು ರೊಟ್ಟಿಯ ತಟ್ಟೆಯನ್ನು ಥಟ್ಟನೆ ಕೆಳಗೆಳೆದಳು. ರೊಟ್ಟಿ ಒಂದು ಗಳಿಗೆ ಗಾಳಿಯಲ್ಲಿ ನಿಂತು ನನ್ನ ಮಡಿಲಿಗೆ ಬಿತ್ತು. ಬಿಸಿ ರೊಟ್ಟಿ. ಆ ಪಾಠ ನಾನು ಇನ್ನೂ ಮರೆತಿಲ್ಲ.

ವಿಮಾನ ಓಡಿಸುವವಳು ರುಮಾನಾ. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹಯಾತ್ ಸಾಬರ ಮಗಳು. ಭಟ್ಟಿಯ ಹೊಗೆಯಲ್ಲಿ ಓದಿ, ಪೈಲಟ್ ಪರೀಕ್ಷೆ ಮುಗಿಸಿ, ಎಲ್ಲೆಲ್ಲೋ ಕೆಲಸ ಮಾಡಿ ಮರಳಿ ಊರಿನ ಹತ್ತಿರಕ್ಕೇ ಬಂದ ಹುಡುಗಿ. ಜನರೆದುರು ಮೈಲಮ್ಮ ಅವಳನ್ನು ‘ಮೇಡಂ’ ಎನ್ನುತ್ತಾಳೆ, ಇಬ್ಬರೇ ಇದ್ದಾಗ ‘ರುಮಾ’. ಅವಳು ಇವಳನ್ನು ಕರೆಯುವುದು ‘ಮೈಲಕ್ಕ’ ಎಂದು. ಅಪ್ಪನ ಅಡ್ಡೆಯ ರೂಢಿಯನ್ನು ಮೈಲಮ್ಮ ವಿಮಾನಕ್ಕೂ ತಂದಳು. ಕಟ್ಟಿ ಮುಗಿಸಿ, ಅಂಗೈಯಿಂದ ಎರಡು ಸಲ ಬಡಿದು “ನಡೀಲಿ” ಎನ್ನುತ್ತಾಳೆ. ಆಮೇಲೆ ರುಮಾನಾ ಬಂದು ಪ್ರತಿ ಬೆಲ್ಟನ್ನೂ ಎಳೆದು ನೋಡುತ್ತಾಳೆ. ನೋಡಲೇಬೇಕು, ಅದು ನಿಯಮ. ಆದರೆ ಇವಳು ಬಡಿದ ಮೇಲೆ ಒಂದು ಬೆಲ್ಟನ್ನೂ ಮತ್ತೆ ಬಿಗಿಸುವ ಪ್ರಸಂಗ ಬಂದಿರಲಿಲ್ಲ.

ಈಗ ಹೇಳುವುದು ಈ ಬೇಸಿಗೆಯ ಮಾತು. ಅಲ್ಲಿ ನಾನಿರಲಿಲ್ಲ. ಮೈಲಮ್ಮ ಹೇಳಿದ್ದು, ರುಮಾನಾ ಹೇಳಿದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಎಲ್ಲಿ ಇಬ್ಬರ ಮಾತು ಬೇರೆಯಾಯಿತೋ ಅಲ್ಲಿ ಹೆಂಡತಿಯ ಮಾತನ್ನೇ ಇಟ್ಟುಕೊಂಡಿದ್ದೇನೆ. ಸಂಸಾರಸ್ಥರಿಗೆ ಕಾರಣ ಹೇಳಬೇಕಿಲ್ಲ.

ಸಾಹುಕಾರರ ತಾಯಿ ನಾಗರತ್ನಮ್ಮನವರು ಹೈದರಾಬಾದಿಗೆ ಮೊಮ್ಮಗಳ ಸೀಮಂತಕ್ಕೆ ಹೊರಟಿದ್ದರು. ವಯಸ್ಸು ಎಪ್ಪತ್ತು ದಾಟಿದೆ, ಆದರೂ ಆ ಕಾರ್ಖಾನೆಯಲ್ಲಿ ಅವರದೇ ಕಡೆಯ ಮಾತು. ಅಂದು ಬುಧವಾರ, ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ಚಕ್ರ ನೆಲ ಬಿಡಬೇಕು ಎಂದು ಅಪ್ಪಣೆಯಾಗಿತ್ತು. ಅಪ್ಪಣೆ ಮಾಡಿದವರೇ ತಡವಾಗಿ ಬಂದರು. ಜೊತೆಗೆ ಸೀರೆಯ ಸೂಟ್‌ಕೇಸು, ಚಕ್ಕುಲಿ ಕರ್ಜಿಕಾಯಿಯ ಡಬ್ಬಗಳು, ಮೊಮ್ಮಗಳಿಗೆ ಕೊಡಲು ಒಂದು ಟ್ರಂಕು ಹಿತ್ತಾಳೆ ಪಾತ್ರೆ, ಹಯಾತ್ ಸಾಬರ ಭಟ್ಟಿಯದೇ ಒಂದು ಚೀಲ ಮಂಡಕ್ಕಿ. ಸಾಹುಕಾರರು ವ್ಯಾಪಾರಸ್ಥರು. ವಿಮಾನ ಹೇಗೂ ಹೋಗುತ್ತದಲ್ಲ ಎಂದು ಅಲ್ಲಿಯ ಗಿರಾಕಿಗೆ ಮುಟ್ಟಿಸಬೇಕಾದ ಒಂದು ಗೇರ್‌ಬಾಕ್ಸಿನ ಪೆಟ್ಟಿಗೆಯನ್ನೂ ಸೇರಿಸಿದರು.

ಮೈಲಮ್ಮ ಎಲ್ಲವನ್ನೂ ತೂಗಿದಳು. ಗೇರ್‌ಬಾಕ್ಸನ್ನು ಸೀಟಿನ ಬೆನ್ನಿಗೆ ಹತ್ತಿರ ಇಡಿಸಿದಳು, ಅದರ ಹಿಂದೆ ಪಾತ್ರೆಯ ಟ್ರಂಕು. ಎರಡರ ನಡುವೆ ಸಂದು ಉಳಿಯಿತು. ಮರದ ತುಂಡುಗಳಿದ್ದದ್ದು ದೂರದ ಪ್ಯಾಕಿಂಗ್ ಶೆಡ್ಡಿನಲ್ಲಿ. ನಾಗರತ್ನಮ್ಮನವರು ಕೈಗಡಿಯಾರ ನೋಡುತ್ತಾ, “ಆತೇನೇ ಮೈಲಮ್ಮಾ? ಆತೇನೇ?” ಎನ್ನುತ್ತಿದ್ದರು. ಕೈಗೆ ಸಿಕ್ಕದ್ದು ಮಂಡಕ್ಕಿ ಚೀಲ. ಮೈಲಮ್ಮ ಅದನ್ನು ಎತ್ತಿ ಸಂದಿಗೆ ತುರುಕಿದಳು. ಎಲ್ಲದರ ಮೇಲೆ ಬೆಲ್ಟು ಹಾಯಿಸಿ ಜಗ್ಗಿದಳು, ಬಲೆ ಬಿಗಿದಳು, ಅಂಗೈ ಬಡಿದು “ನಡೀಲಿ” ಎಂದಳು.

ರುಮಾನಾ ಬಂದು ಬೆಲ್ಟು ಎಳೆದಳು. ಬಿಗಿಯಾಗಿಯೇ ಇತ್ತು. ಚೀಲವನ್ನು ನೋಡಿ, “ನಮ್ಮ ಅಬ್ಬಾನೂ ಲಾರ್ಯಾಗೆ ಹಿಂಗೇ ತುರುಕಿಸ್ತಿದ್ರು ಮೈಲಕ್ಕ,” ಎಂದು ನಕ್ಕಳು. ಬೇರೆ ಊರಿನ ಪೈಲಟ್ಟಾಗಿದ್ದರೆ ಇದೇನು ಎಂದು ಕೇಳುತ್ತಿದ್ದನೋ ಏನೋ. ಮಂಡಕ್ಕಿ ಊರಿನ ಇಬ್ಬರು ಹೆಣ್ಣುಮಕ್ಕಳ ಕಣ್ಣಿಗೆ ಮಂಡಕ್ಕಿ ಒಂದು ಸಾಮಾನಾಗಿಯೇ ಕಾಣಲಿಲ್ಲ.

ನಾಗರತ್ನಮ್ಮನವರು ಹತ್ತಿದರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಇಂಜಿನ್ನು ಶುರುವಾಯಿತು, ವಿಮಾನ ನಿಧಾನವಾಗಿ ರನ್‌ವೇಯ ತುದಿಯ ಕಡೆಗೆ ಹೊರಟಿತು.

ಚೀಲದ ಹೊಲಿಗೆ ಒಂದು ಕಡೆ ಬಿಟ್ಟು, ವಿಮಾನ ನಿಂತಿದ್ದ ಕಡೆ ನೆಲದ ಮೇಲೆ ಒಂದಿಷ್ಟು ಮಂಡಕ್ಕಿ ಚೆಲ್ಲಿತ್ತು. ಮೈಲಮ್ಮ ಪೊರಕೆ ತಂದಳು. ಗುಡಿಸಲು ಬಗ್ಗಿದಾಗ ಚಪ್ಪಲಿಯ ಕೆಳಗೆ ಕರಕ್ ಎಂದಿತು. ಕಾಲೆತ್ತಿ ನೋಡಿದಳು. ಮಂಡಕ್ಕಿ ಇದ್ದ ಕಡೆ ಒಂದು ಚಿಟಿಕೆ ಹಿಟ್ಟು.

“ನನ್ನ ಒಂದು ಕಾಲಿಗೇ ಹಿಟ್ಟಾತಲ್ಲ ಕಣ್ರೀ,” ಎಂದಳು ನನಗೆ ಆಮೇಲೆ. ಅಷ್ಟು ಬೇಗ ಅವಳಿಗೆ ಹೊಳೆದುಹೋಗಿತ್ತು. ಬೆಲ್ಟು ಈಗ ಬಿಗಿಯಾಗಿರುವುದು ಮಂಡಕ್ಕಿಯ ಆಧಾರದ ಮೇಲೆ. ಬೇಸಿಗೆಯ ನಡುಹಗಲಿನ ಗಾಳಿ ವಿಮಾನವನ್ನು ಕುಲುಕಿದ ಹಾಗೆಲ್ಲ ಗೇರ್‌ಬಾಕ್ಸು ಚೀಲವನ್ನು ಅರೆಯುತ್ತದೆ, ಮಂಡಕ್ಕಿ ಪುಡಿಯಾಗುತ್ತದೆ, ಚೀಲ ಕುಗ್ಗಿದಷ್ಟೂ ಬೆಲ್ಟು ಸಡಿಲವಾಗುತ್ತದೆ. ಮೂತಿ ಎತ್ತಿ ಏರುವಾಗ ಪೆಟ್ಟಿಗೆ ಹಿಂದಕ್ಕೆ ಜಾರುತ್ತದೆ, ಬಾಲ ಭಾರವಾದರೆ ವಿಮಾನ ರುಮಾಳ ಹಿಡಿತಕ್ಕೆ ಸಿಗುವುದಿಲ್ಲ. ಲಾರಿಯಲ್ಲಾದರೆ ಡ್ರೈವರು ಚಹಾಕ್ಕೆ ನಿಲ್ಲಿಸಿದಾಗ ಇಳಿದು ಹಗ್ಗ ಜಗ್ಗುತ್ತಾನೆ. ಆಕಾಶದಲ್ಲಿ ಚಹಾದಂಗಡಿ ಎಲ್ಲಿದೆ?

ಸುಮ್ಮನಿದ್ದುಬಿಡಬಹುದಿತ್ತು. ಬಹಳ ಮಟ್ಟಿಗೆ ಏನೂ ಆಗುತ್ತಿರಲಿಲ್ಲವೇನೋ. ಅದೇ ಯೋಚನೆ ತನ್ನನ್ನು ಹಿಡಿದು ಜಗ್ಗಿತು ಎಂದು ಅವಳೇ ಹೇಳಿದ್ದಾಳೆ. ನಿಲ್ಲಿಸಿದರೆ ಸಾಹುಕಾರರ ಎದುರು, ಆಫೀಸಿನವರೆಲ್ಲರ ಎದುರು ತಾನು ಅಂಗೈ ಬಡಿದ ಲೋಡನ್ನು ತಾನೇ ಬಿಚ್ಚಬೇಕು. ಈ ಕೆಲಸ ಹೋಗುತ್ತದೆ. ಅಪ್ಪ ಒಂದು ದಿನವೂ ಮಾಡಿಸಿಕೊಳ್ಳದ ಅವಮಾನ ಮಗಳಿಗಾಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಆದರೆ ಆ ವಿಮಾನದಲ್ಲಿ ರುಮಾ ಇದ್ದಳು, ನಾಗರತ್ನಮ್ಮನವರಿದ್ದರು, ಅವರಿಬ್ಬರೂ ಕುಳಿತದ್ದು ಇವಳ ಮಾತು ನಂಬಿ.

ಮೈಲಮ್ಮ ಚಪ್ಪಲಿ ಬಿಟ್ಟು ಓಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ರನ್‌ವೇಯ ಅಂಚಿನಲ್ಲಿ, ರುಮಾನಾಳ ಕಣ್ಣಿಗೆ ಬೀಳುವಂತೆ, ಎರಡೂ ಕೈ ಮೇಲೆತ್ತಿ ಬೀಸುತ್ತಾ ಓಡಿದಳು. ಒಂದು ಕೈಯಲ್ಲಿ ಪೊರಕೆ ಹಾಗೇ ಇತ್ತು. ಶುಭಕಾರ್ಯಕ್ಕೆ ಹೊರಟ ಹಿರಿಯ ಹೆಣ್ಣುಮಗಳ ಎದುರಿಗೆ ಪೊರಕೆ ಬೀಸುತ್ತಾ ಬಂದವಳು ಇಡೀ ಹರಿಹರ ತಾಲ್ಲೂಕಿನಲ್ಲಿ ನನ್ನ ಹೆಂಡತಿ ಒಬ್ಬಳೇ ಇರಬೇಕು.

ವಿಮಾನ ನಿಂತಿತು. ಇಂಜಿನ್ನು ಆರಿತು. ಸಾಹುಕಾರರು ಜೀಪು ಹತ್ತಿ ಬಂದರು, ಹಿಂದೆ ಆಫೀಸಿನವರು. ಒಳಗಿನಿಂದ ನಾಗರತ್ನಮ್ಮನವರ ದನಿ ಕೇಳಿತು. “ಹೊಂಟೋರ ಮುಂದೆ ಕಸಬರಿಗಿ ಹಿಡ್ಕಂಡು ಬರ್ತಾಳಲ್ಲೋ ಇಕಿ! ಏನು ಬಂದೈತೆ ಇಕಿಗೆ?”

“ಏನಾತು ಮೈಲಕ್ಕ?” ರುಮಾನಾ ಇಳಿದು ಬಂದಳು.

“ಬಿಚ್ಬೇಕು. ನಾನು ಕಟ್ಟಿದ್ದು ತಪ್ಪಾಗೈತೆ.”

ಸಾಹುಕಾರರ ಮುಖ ಕೆಂಪಾಯಿತು. “ಈಗ ತಾನೆ ನೀನೇ ನಡೀಲಿ ಅಂದೆಲ್ಲಮ್ಮಾ? ಬಿಗಿ ಇಲ್ಲೇನು?”

“ಈಗ ಬಿಗಿ ಐತೆ ಸಾವ್ಕಾರ್ರ. ಮ್ಯಾಲೆ ಹೋದ್ಮ್ಯಾಲೆ ಇರಲ್ಲ. ಸಂದಿಗೆ ಮಂಡಕ್ಕಿ ಕೊಟ್ಟೀನಿ.”

“ನಾನೂ ನೋಡೀನಿ ಸರ್,” ಎಂದಳು ರುಮಾನಾ. “ನೋಡಿ ನಕ್ಕು ಬಿಟ್ಟೆ. ಇದ್ರಾಗೆ ನಂದೂ ಪಾಲೈತೆ.”

“ನೀವು ಸುಮ್ನಿರ್ರಿ ಮೇಡಂ. ಕೈ ಬಡಿದೋಳು ನಾನು.”

ಮೈಲಮ್ಮ ಬಾಗಿಲು ತೆಗೆದು ಬಲೆ ಸರಿಸಿದಳು. ಎಲ್ಲರೂ ನೋಡುತ್ತಿದ್ದಂತೆ ಚೀಲದ ಮೇಲೆ ಮೊಣಕಾಲು ಊರಿ ಒತ್ತಿದಳು. ಒಳಗೆ ಕರಕರ ಸದ್ದಾಯಿತು. ತಂತಿಯ ಹಾಗೆ ನಿಂತಿದ್ದ ಬೆಲ್ಟು ಜೋತುಬಿತ್ತು, ಅದರ ಕೆಳಗೆ ಅವಳ ಮುಷ್ಟಿ ಸಲೀಸಾಗಿ ಹೋಯಿತು. ಗೇರ್‌ಬಾಕ್ಸಿನ ಪೆಟ್ಟಿಗೆಯನ್ನು ಒಂದೇ ಕೈಯಿಂದ ಜಗ್ಗಿದಳು, ಅದು ಹಿಂದಕ್ಕೆ ಬಂತು.

ಸಾಹುಕಾರರು ಬಗ್ಗಿ ಆ ಬೆಲ್ಟನ್ನು ತಾವೇ ಎಳೆದು ನೋಡಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು. “ತಿಳಿತಮ್ಮಾ. ಹೇಳಿದ್ದು ಚಲೋ ಆತು. ಆದ್ರೆ ಇಂಥಾದ್ದು ಇನ್ನೊಂದ್ಸಲ ಆಗೋದು ಬ್ಯಾಡ. ನಾಳೆಯಿಂದ ಪ್ಯಾಕಿಂಗಿಗೆ ಹೋಗು. ಇಲ್ಲಿಗೆ ಬ್ಯಾರೆಯೋರನ್ನ ನೋಡ್ತೀನಿ.”

ಅವರದ್ದೂ ತಪ್ಪಲ್ಲ. ಕುಳಿತಿದ್ದದ್ದು ಅವರ ತಾಯಿ. ಆದರೆ ಆ ಮಾತು ಬಿದ್ದಾಗ ನನ್ನ ಮೈಲಮ್ಮನಿಗೆ ಹೇಗಾಗಿರಬೇಡ! ಅವಳು ಅಳಲಿಲ್ಲ, ಕೈ ಮುಗಿಯಲಿಲ್ಲ.

“ಆತು ಸಾವ್ಕಾರ್ರ. ಇದೊಂದು ಸರಿ ಮಾಡಿ ಹೋಗ್ತೀನಿ,” ಎಂದು ಬೆಲ್ಟು ಬಿಚ್ಚಲು ಕುಳಿತಳು.

ನಾಗರತ್ನಮ್ಮನವರನ್ನು ಇಳಿಸಿ ರೆಕ್ಕೆಯ ನೆರಳಿನಲ್ಲಿ ಕುರ್ಚಿ ಹಾಕಿದರು. ಮೈಲಮ್ಮ ಎಲ್ಲವನ್ನೂ ಹೊರಗೆ ತೆಗೆದಳು. ಶೆಡ್ಡಿನಿಂದ ಮರದ ತುಂಡು ತರಿಸಿದಳು. ಗೇರ್‌ಬಾಕ್ಸಿಗೆ ಅದರದೇ ಬೆಲ್ಟುಗಳು, ನಾಲ್ಕು ಮೂಲೆಯಿಂದ ನಾಲ್ಕು ಬಳೆಗಳಿಗೆ. ಟ್ರಂಕಿಗೆ ಬೇರೆ ಬೆಲ್ಟು. ಸಂದಿಗೆ ಮರ. ಮಂಡಕ್ಕಿ ಚೀಲ ಎಲ್ಲದರ ಮೇಲೆ, ಬಲೆಯೊಳಗೆ, ಯಾವುದಕ್ಕೂ ಆಧಾರವಾಗದ ಹಾಗೆ. ಅವಸರ ಮಾಡಲಿಲ್ಲ. ಹನ್ನೆರಡು ಹೊಡೆದು ಹೋಯಿತು. ಬೆವರು ಕಣ್ಣಿಗಿಳಿದರೆ ತೋಳಿನಿಂದ ಒರೆಸಿಕೊಂಡು ಮತ್ತೆ ಬಿಗಿದಳು. ನಾಗರತ್ನಮ್ಮನವರು ಕಣ್ಣು ಕೀಳದೆ ನೋಡುತ್ತಿದ್ದರು.

“ಅವ್ವಾ, ರಾಹುಕಾಲ ಕೂತು ಬಿಡ್ತು. ಮುಗಿದ ಮ್ಯಾಲೆ ಹೊರಡ್ರಿ,” ಎಂದರು ಸಾಹುಕಾರರು.

ಮುದುಕಿ ಮೈಲಮ್ಮನನ್ನು ಕೇಳಿದರು. “ಈಗ ಕಟ್ಟಿದ್ದು ಹೆಂಗೈತೆ? ನೀನಾಗಿದ್ರೆ ಹತ್ತತಿದ್ಯಾ?”

“ಹತ್ತತಿದ್ದೆ ಅಮ್ಮಾರ.”

“ಹಂಗಾದ್ರೆ ಹತ್ತು.”

ಮೈಲಮ್ಮನಿಗೆ ಅರ್ಥವಾಗಲಿಲ್ಲ. ಅಷ್ಟು ವರ್ಷ ಆ ವಿಮಾನಕ್ಕೆ ಸಾಮಾನು ಕಟ್ಟಿದ್ದಳು, ಒಂದು ದಿನವೂ ಅದರಲ್ಲಿ ನೆಲ ಬಿಟ್ಟವಳಲ್ಲ. “ನಾನಾ?” ಎಂದಳು.

“ಹೂಂ, ನೀನೇ. ನಂಜೊತೆ ಸೀಮಂತಕ್ಕೆ ಬಾ. ಐವತ್ತು ವರ್ಷದಿಂದ ಈ ಕಾರ್ಖಾನಿ ನೋಡೀನಿ. ಇಲ್ಲಿ ಯಾರ ತಪ್ಪೂ ಇರಲ್ಲ, ಏನಾದ್ರೂ ಮಷೀನಿಂದೇ ತಪ್ಪು. ನಂದು ತಪ್ಪೈತೆ ಅಂತ ಓಡಿ ಬಂದೋಳನ್ನ ಇವತ್ತೇ ನೋಡಿದ್ದು. ನೀನು ಪಕ್ಕದಾಗೆ ಕೂತಿದ್ರೆ ನಂಗೆ ಜೀವ ನಿರಾಳ.”

“ಈಗ ರಾಹುಕಾಲ ಅವ್ವಾ...” ಎಂದರು ಸಾಹುಕಾರರು.

“ಕಸಬರಿಗಿನೇ ನೋಡ್ಯಾತು. ಇನ್ನು ರಾಹು ಏನು ಮಾಡ್ತಾನೆ?”

ರುಮಾನಾ ನಗು ತಡೆದುಕೊಂಡು ಅಡ್ಡ ಬಂದಳು. ಅವಳಿಗೆ ಯಾರ ಅಪ್ಪಣೆಗಿಂತಲೂ ತೂಕ ದೊಡ್ಡದು. “ಸೀಟು ಖಾಲಿ ಐತೆ ಅಮ್ಮಾರ. ತೂಕಕ್ಕೆ ಜಾಗ ಇಲ್ಲ. ಮೈಲಕ್ಕ ಹತ್ತಬೇಕಂದ್ರೆ ಅಷ್ಟು ಸಾಮಾನು ಇಳೀಬೇಕು.”

ಊರಿನವರ ಸಾಮಾನನ್ನೆಲ್ಲ ತೂಗಿದ ನನ್ನ ಹೆಂಡತಿ ಆಫೀಸಿನವರೆದುರು ತಾನೇ ತೂಕದ ಯಂತ್ರದ ಮೇಲೆ ನಿಂತಳು. ಮುಳ್ಳು ಎಲ್ಲಿಗೆ ಹೋಯಿತೆಂದು ನನಗೂ ಹೇಳಿಲ್ಲ. ಸಾಹುಕಾರರು, “ಮಂಡಕ್ಕಿ ಚೀಲ ಇಳಿಸಿದ್ರೆ?” ಎಂದರು. ಎಲ್ಲರೂ ಒಟ್ಟಿಗೆ ನಕ್ಕರು, ಕೊನೆಗೆ ಅವರೂ ನಕ್ಕರು. ಗೇರ್‌ಬಾಕ್ಸು ಇಳಿಸಿದರೆ ಗಿರಾಕಿ ಸುಮ್ಮನಿರುವುದಿಲ್ಲ. ಉಳಿದದ್ದು ಒಂದೇ.

“ಟ್ರಂಕು ಇಳಿಸ್ರಿ,” ಎಂದರು ನಾಗರತ್ನಮ್ಮನವರು.

“ಅವ್ವಾ, ಸೀಮಂತಕ್ಕೆ ಕೊಡೋ ಪಾತ್ರಿ ಅವು!”

“ಪಾತ್ರಿ ಹೈದ್ರಾಬಾದಿನಾಗೂ ಸಿಗ್ತಾವೆ.”

ಮೈಲಮ್ಮ ಮತ್ತೆ ಬಿಚ್ಚಿದಳು. ಟ್ರಂಕು ನೆಲಕ್ಕೆ ಬಂತು. ಮತ್ತೆ ಕಟ್ಟಿ, ರುಮಾನಾ ಎಳೆದು ನೋಡಿದ ಮೇಲೆ ಅಂಗೈ ಬಡಿದಳು. ಈ ಸಲ “ನಡೀಲಿ” ಎಂದು ಕೆಳಗೆ ಉಳಿಯಲಿಲ್ಲ, ತಾನೂ ಹತ್ತಿ ಬೆಲ್ಟು ಹಾಕಿಕೊಂಡಳು. ಬರಿಗಾಲಿನಲ್ಲೇ ಹತ್ತಿದ್ದಳು, ಚಪ್ಪಲಿ ರನ್‌ವೇ ಪಕ್ಕದಲ್ಲೇ ಬಿದ್ದಿತ್ತು. ವಿಮಾನ ತುಂಗಭದ್ರೆಯ ಮೇಲೆ ತಿರುಗುವಾಗ ನಾಗರತ್ನಮ್ಮನವರು ಅವಳ ಮಣಿಕಟ್ಟು ಹಿಡಿದುಕೊಂಡರಂತೆ. ಬಿಸಿಲ ಗಾಳಿಗೆ ವಿಮಾನ ಚೆನ್ನಾಗಿಯೇ ಕುಲುಕಿತು. ರುಮಾನಾ ಎಷ್ಟು ಸಲ ಕರೆದು, “ಮೈಲಕ್ಕ, ಕೆಳಗೆ ಹೊಳೆ ನೋಡ್ರಿ, ಗದ್ದೆ ನೋಡ್ರಿ,” ಎಂದರೂ ಇವಳು ಕಿಟಕಿಗೆ ಕಣ್ಣು ಹಾಕಲಿಲ್ಲ. ಹೈದರಾಬಾದಿನ ತನಕ ಹಿಂದಕ್ಕೆ ತಿರುಗಿ ಲೋಡನ್ನೇ ನೋಡುತ್ತಾ ಹೋದಳು. ಅದು ಅಲುಗಲಿಲ್ಲ.

ಇದೊಂದೂ ಗೊತ್ತಿಲ್ಲದ ನಾನು ದಾವಣಗೆರೆಯಲ್ಲಿ ಒಂದು ಮದುವೆ ಪತ್ರಿಕೆಯ ಅಚ್ಚು ತಿದ್ದುತ್ತಾ ಕುಳಿತಿದ್ದೆ. ಗಿರಾಕಿ ಎದುರಿಗೇ ಇದ್ದರು. ಫೋನು ಬಂತು.

“ರೀ, ರಾತ್ರಿಗೆ ಅನ್ನ ನೀವೇ ಇಟ್ಕಳ್ರಿ. ನಾನು ಹೈದ್ರಾಬಾದಿನಾಗೆ ಇದೀನಿ.”

ಏನು, ಎತ್ತ, ಯಾಕೆ ಎಂದು ನಾನು ಕೂಗಾಡಿದೆ. ಅವಳು ಮೊದಲಿಂದ ಹೇಳಿದಳು. ಬಿಚ್ಚಿದ್ದನ್ನು ಮಾತ್ರ ಎರಡು ಸಲ ಹೇಳಿದಳು. ನಾನು ಏನಾದರೂ ಹೇಳುವ ಮೊದಲೇ ನಾಗರತ್ನಮ್ಮನವರು ಫೋನು ತೆಗೆದುಕೊಂಡರು. “ಏನಪ್ಪಾ ಶ್ರೀನಿವಾಸ, ಸೀಮಂತ ಮುಗಿಸ್ಕಂಡು ಕಳಸ್ತೀನಿ. ವಾಪಸ್ ಬರೋ ಲೋಡು ಇವಳೇ ಕಟ್ತಾಳೆ. ಮುಂದಿಂದೂ ಇವಳೇ ಕಟ್ತಾಳೆ. ನನ್ನ ಮಗನಿಗೆ ಹೇಳ್ಯಾಗೈತೆ.”

ಫೋನು ಇಟ್ಟೆ. ಕಣ್ಣು ತುಂಬಿ ಎದುರಿನ ಅಚ್ಚು ಕಾಣಲಿಲ್ಲ. ಅಂಥ ಹೆಂಗಸನ್ನು ಕಟ್ಟಿಕೊಂಡಿದ್ದೇನಲ್ಲ ಎಂದು ಎದೆ ಉಬ್ಬಿತ್ತು. ಗಿರಾಕಿ ಗಾಬರಿಯಾದರು.

“ಏನಾತ್ರಿ? ಮನ್ಯಾಗೆ ಎಲ್ಲಾ ಆರಾಮಲ್ಲ?”

“ಆರಾಮ ಅದೀವ್ರಿ. ನಮ್ಮನೆಯೋಳು ವಿಮಾನದಾಗೆ ಹೈದ್ರಾಬಾದಿಗೆ ಹೋಗ್ಯಾಳ.”

“ಹೌದೇನ್ರಿ! ಟಿಕೆಟ್ ಹೆಂಗ್ರಿ ಈಗ? ಭಾಳ ಆಗಿರಬೇಕು.”

“ಟಿಕೆಟ್ ಇಲ್ರಿ,” ಎಂದೆ. “ಒಂದು ಟ್ರಂಕು ಹಿತ್ತಾಳಿ ಪಾತ್ರಿ ಕೆಳಗಿಳಿಸಿ ಅಕಿನ್ನ ಹತ್ತಿಸ್ಯಾರ.”